ಸುವಾರ್ತಮ್ಮನ ಮನೆಯ ಎರಡು ಸತ್ಯವೇದ

ಎಪ್ಪತ್ತೊಂದನೇ ಇಸವಿಯಲ್ಲಿ ಸುವಾರ್ತಮ್ಮ ಪಲಮನೇರಿನಿಂದ ಮುಳಬಾಗಿಲಿಗೆ ಸೊಸೆಯಾಗಿ ಬಂದಾಗ ಟ್ರಂಕಿನಲ್ಲಿ ತನ್ನ ತೆಲುಗು ಸತ್ಯವೇದ, ಅಂದರೆ ಬೈಬಲ್ಲು, ತಂದಳು. ಗಂಡ ಜೀವರತ್ನಂ ಓದುತ್ತಿದ್ದದ್ದು ಕನ್ನಡದ್ದು. ಯಾವುದು ಸರಿ ಎಂದು ಮೊದಲ ವಾರವೇ ಜಗಳ. ಇಬ್ಬರೂ ಹಟಮಾರಿಗಳು. ದೇವರು ತನ್ನ ಮಾತನ್ನು ಯಾವ ಭಾಷೆಗೆ ಹೋದರೂ ಕೆಡದಂತೆ ಕಾಯುತ್ತಾನೆ ಎಂದು ಪಾದ್ರಿಗಳು ಸಮಾಧಾನ ಹೇಳಿದರೆ, "ಹಂಗಾದ್ರೆ ನೋಡೇಬಿಡೋಣ" ಎಂದಳು ಇವಳು.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅವನು ಕನ್ನಡದಲ್ಲಿ ಒಂದು ವಚನ ಓದುವನು, ಅದನ್ನೇ ಅವಳು ತೆಲುಗಿನಲ್ಲಿ ಓದುವಳು. ಇಬ್ಬರಿಗೂ ಎರಡೂ ಭಾಷೆ ಬರುತ್ತಿದ್ದುದರಿಂದ ಮೋಸ ನಡೆಯುವಂತಿರಲಿಲ್ಲ. "ಎಲ್ಲೂ ಏನೂ ಬಿದ್ದೋಗಿಲ್ಲ ಕಣೇ" ಎಂದು ಅವನು ನಗುವನು. ಪರೀಕ್ಷೆ ಯಾವಾಗಲೋ ಮುಗಿದಿತ್ತು, ಓದು ಮಾತ್ರ ನಿಲ್ಲಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಸಂಜೆಯ ಸದ್ದೆಂದರೆ ಅದೇ.

ಎಂಬತ್ತೆರಡನೇ ಇಸವಿಯಲ್ಲಿ ಜೀವರತ್ನಂ ತೀರಿಕೊಂಡ. ಅವನ ಪುಸ್ತಕವನ್ನು ಚರ್ಚಿಗೆ ಕೊಡಿ, ಎರಡರಲ್ಲೂ ಇರುವುದು ಒಂದೇ ತಾನೆ ಎಂದವರನ್ನು ಸುವಾರ್ತಮ್ಮ ಬೈದು ಕಳಿಸಿದಳು.

ಆಮೇಲೂ ಸಂಜೆ ಎರಡು ಪುಸ್ತಕವನ್ನೂ ಚಾಪೆಯ ಮೇಲೆ ಎದುರುಬದುರು ತೆರೆದಿಡುವಳು. ತೆಲುಗಿನಲ್ಲಿ ಒಂದು ವಚನ ಓದುವಳು, ಸುಮ್ಮನಾಗುವಳು, ಮುಂದಿನದನ್ನು ಓದುವಳು. ಉದ್ದ ವಚನದ ಮುಂಚಿನ ಮೌನವೂ ಉದ್ದ.

ಒಂದು ಸಂಜೆ ಹಾಲು ಕೊಡಲು ಬಂದ ಪಕ್ಕದ ಮನೆಯ ಆವಲಮ್ಮ ಹೊಸ್ತಿಲಲ್ಲಿ ಕಾದು ಕಾದು ಕೇಳಿದಳು: "ಯಾಕಕ್ಕ, ಅರ್ಧಕ್ಕೇ ನಿಲ್ಲಿಸ್ಬಿಟ್ಟೆ?"

ಸುವಾರ್ತಮ್ಮ ಪುಟದಿಂದ ಕಣ್ಣೆತ್ತದೆ ಗದರಿದಳು: "ಸುಮ್ನಿರೇ, ಅವ್ರು ಓದ್ತಾವ್ರೆ."