ಬಂಡೆಯ ಮೇಲೆ ಬಿಟ್ಟು ಬಂದವರು

ಡಾಟ್‌ಕಾಂ ಅಬ್ಬರದ ಆ ವರ್ಷಗಳಲ್ಲಿ, ಪಾಲೋ ಆಲ್ಟೋದ ನಮ್ಮ ಆಫೀಸಿನ ಕನ್ನಡಿಗರೆಲ್ಲ ತಿಂಗಳಿಗೊಮ್ಮೆ ಬೆಟ್ಟ ಹತ್ತುತ್ತಿದ್ದೆವು. ಮುಂದಾಳು ನಮ್ಮ ಮ್ಯಾನೇಜರು. ಆ ಶನಿವಾರ ನನ್ನ ಗೆಳತಿಯ ತಾಯಿಯೂ ಜೊತೆಗಿದ್ದರು. ನಿವೃತ್ತ ಶಿಕ್ಷಕಿ, ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಬಂದು ಮೂರು ತಿಂಗಳು ಅಪಾರ್ಟ್‌ಮೆಂಟಿನಲ್ಲೇ ಕಳೆದವರು. ಜೋಪಾನವಾಗಿ ನೋಡಿಕೊಳ್ಳುತ್ತೇನೆಂದು ಗೆಳತಿಗೆ ಮಾತು ಕೊಟ್ಟು ಕರೆತಂದವಳು ನಾನು.

ನೆಲದೊಳಕ್ಕೆ ಚಾಚಿದ ಸಮುದ್ರದ ಅಂಚಿನಲ್ಲಿ ನೆಟ್ಟಗೆ ಎದ್ದು ನಿಂತ ಕಲ್ಲುಬೆಟ್ಟ ಅದು. ಕೊನೆಯಲ್ಲಿ ಕೈಯೂರಿ ಹತ್ತಬೇಕು. ಅಲ್ಲಿ ಮ್ಯಾನೇಜರು ಅವರನ್ನು ಒಂದು ಬಂಡೆಯ ಮೇಲೆ ಕೂರಿಸಿದರು.

"ಆಂಟಿ, ಇಲ್ಲಿಂದ ಕದಲ್ಬೇಡಿ. ಇದೇ ದಾರೀಲಿ ವಾಪಸ್ ಬರ್ತೀವಿ."

ನಾನು ಉಳಿಯಬೇಕಿತ್ತು. ಅವರೇ ಹೋಗು ಎಂದರು, ಹೋದೆ. ಸೆಕೆಯೆಂದು ಅವರು ತೆಗೆದುಕೊಟ್ಟ ಶಾಲು ನನ್ನ ಕೈಯಲ್ಲಿತ್ತು.

ತುದಿಯಲ್ಲಿ ಕಂಪನಿ ಕೊಡುವ ಷೇರುಗಳ, ಸ್ಟಾಕ್ ಆಪ್ಷನ್ನಿನ ಮಾತು ಮುಗಿಯುವಷ್ಟರಲ್ಲಿ ಸಮುದ್ರದಿಂದ ಮಂಜು ಮೇಲೆದ್ದಿತು. ಮ್ಯಾನೇಜರಿಗೆ ಸಂಜೆ ಮೀಟಿಂಗು. ಹಿಂಬದಿಯ ದಾರಿ ಹತ್ತಿರವೆಂದು, ಎರಡು ಕಾರುಗಳಲ್ಲಿ ಬಂದಿದ್ದ ನಮ್ಮನ್ನೆಲ್ಲ ಅತ್ತ ಇಳಿಸಿದರು. ಆಂಟಿಯನ್ನು ಇನ್ನೊಂದು ಕಾರಿನವರು ಆಚೆಯಿಂದ ಹೋಗಿ ಕರೆತರುತ್ತಾರೆ ಎಂದರು. ಆ ಕಾರಿನವರಿಗೆ ಆತ ಹೇಳಿಯೇ ಇರಲಿಲ್ಲ. ಅವರೋ, ಆಕೆ ನಮ್ಮ ಜೊತೆಗಿದ್ದಾರೆಂದೇ ತಿಳಿದಿದ್ದರು.

ಹತ್ತು ಮೈಲಿ ಆಚೆ, ಕಾಫಿಗೆಂದು ನಿಂತಾಗ ಎರಡೂ ಕಾರುಗಳ ಬಾಗಿಲು ತೆರೆದವು. ಆಕೆ ಯಾವುದರಲ್ಲೂ ಇರಲಿಲ್ಲ. ಅಷ್ಟು ದೂರವೂ ಅವರ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಕಾರು ತಿರುಗಿಸಿ ಬಂದು ಮತ್ತೆ ಹತ್ತಿದೆವು. ಮುಂದಿಟ್ಟ ಕಾಲೇ ಕಾಣದಂಥ ಮಂಜು. ಕೂಗಿದರೆ ಕೆಳಗಿನಿಂದ ಅಲೆಯ ಸದ್ದು ಮಾತ್ರ. ಫ್ರೀವೇಯಲ್ಲಿ ಕಾರು ಓಡಿಸುವಾಗ ಇಂದಿಗೂ ಆ ಸದ್ದು ಕಿವಿಗೆ ಬೀಳುತ್ತದೆ.

ಆಕೆ ಅದೇ ಬಂಡೆಯ ಮೇಲಿದ್ದರು, ಒದ್ದೆ ಸೆರಗು ಹೊದ್ದು, ತುಟಿ ನೀಲಿಗಟ್ಟಿ. ಎರಡು ಹೆಜ್ಜೆ ಆಚೆ ಪ್ರಪಾತ. ದಾರಿಹೋಕರು ಕೆಳಗೆ ಕರೆದೊಯ್ಯುತ್ತೇವೆಂದರೂ ಹೋಗಲಿಲ್ಲವಂತೆ. ನಾವು ಬಂದಾಗ ತಾವು ಕಾಣದೆ ಗಾಬರಿಯಾದೇವೆಂದು.

ಶಾಲು ಹೊದಿಸಿದೆ. ಮ್ಯಾನೇಜರು ನಕ್ಕು, "ಭಾಳ ಗಟ್ಟಿ ನೀವು, ಆಂಟಿ" ಎಂದರು.

ಆಕೆ ನಗಲಿಲ್ಲ. "ಎಣಿಸ್ಲಿಲ್ಲೇನಪಾ? ಕುರಿ ಕಾಯೋರೂ ಎಣಿಸ್ತಾರ."

ಆಮೇಲೆ ಸ್ಯಾನ್ ರಮೋನ್ ಊರಿನ ಕನ್ನಡಿಗರ ಊಟದ ಕೂಟಗಳಲ್ಲಿ ಆತ ಇದನ್ನು ತಮಾಷೆಯ ಕತೆ ಮಾಡಿಕೊಂಡರು: ಕದಲಬೇಡಿ ಎಂದರೆ ಕದಲದೇ ಕೂತ ಆಂಟಿ. ಎಲ್ಲರೂ ನಗುತ್ತಾರೆ. ಕುರಿಯ ಮಾತನ್ನು ಮಾತ್ರ ಆತ ಬಿಟ್ಟುಬಿಡುತ್ತಾರೆ. ಅದನ್ನು ನಾನು ಹೇಳುತ್ತೇನೆ, ಊಟದ ನಡುವೆಯೇ, ಆತನ ಎದುರೇ. ನನ್ನ ತೊಡೆಯ ಮೇಲಿದ್ದ ಶಾಲಿನ ವಿಷಯವನ್ನೂ ಹೇಳುತ್ತೇನೆ.