ಅತ್ತೆ ಕೂತ ವಿಮಾನ

ವಿಮಾನ ನೋಡುವುದರಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ದಿನವಿಡೀ ಮೊಬೈಲಿನಲ್ಲಿ ಕಂಡವರ ಮದುವೆ ನೋಡುತ್ತ ಕೂತವರಿಗೆ ಏನು ಸಿಗುತ್ತದೆ ಎಂದು ನಾನೇನಾದರೂ ಕೇಳಿದ್ದೇನೆಯೇ? ಗುಡ್ಡದ ಬುಡದಲ್ಲಿರುವ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಮುಂದೆ ಕೂತು ಸೀರೆ ನೇಯುವ ನನಗೆ, ತಲೆಯ ಮೇಲೆ ಹೋಗುತ್ತಿರುವ ವಿಮಾನ ಎಂಥದ್ದು, ಯಾವ ಊರಿಗೆ ಹೊರಟಿದೆ ಎಂದು ಗೊತ್ತಿರುತ್ತದೆ. ಅದು ನನ್ನ ಹೆಮ್ಮೆ. ಹೆಮ್ಮೆ ಪಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಈ ಹುಚ್ಚು ಹತ್ತಿದ್ದು ಓಣಿಯಲ್ಲೇ. ಹಾಸಿನ ನೂಲಿಗೆ, ಅಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳಿಗೆ, ಗಂಜಿ ಹಾಕುವ ದಿನ, ಬಿಸಿಲು ಏರುವ ಮೊದಲೇ ಓಣಿಯ ಉದ್ದಕ್ಕೂ ನೂಲನ್ನು ಬಿಗಿಯಾಗಿ ಚಾಚುತ್ತೇವೆ. ಕೆಲವರು ಕುಂಚದಿಂದ ತಿಕ್ಕುತ್ತ ಓಡಾಡುತ್ತಾರೆ. ತುದಿಯ ಹಗ್ಗ ಹಿಡಿದವರು ಮಾತ್ರ ನೂಲು ಒಣಗುವ ತನಕ ಅಲ್ಲಾಡುವಂತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಪಾಲಿಗೆ ಬಂದದ್ದು ಆ ಹಗ್ಗ. ಕೈ ಬಿಡುವಂತಿಲ್ಲ, ಕೂರುವಂತಿಲ್ಲ, ಹೊಸ ಸೊಸೆಯಾದ್ದರಿಂದ ಹೆಚ್ಚು ಮಾತಾಡುವಂತೆಯೂ ಇಲ್ಲ. ನೋಡಲು ಉಳಿದದ್ದು ಆಕಾಶವೊಂದೇ.

ಮೊದಮೊದಲು ಎಲ್ಲ ವಿಮಾನಗಳೂ ಒಂದೇ ಥರ ಕಾಣುತ್ತಿದ್ದವು. ನನ್ನ ಗಂಡ ಹುಬ್ಬಳ್ಳಿಯಿಂದ ಹಳೆಯ ದುರ್ಬೀನೊಂದನ್ನು ತಂದುಕೊಟ್ಟ ಮೇಲೆ ಗುರುತು ಹತ್ತತೊಡಗಿತು. ತುಂಬ ಎತ್ತರದಲ್ಲಿ ಬಿಳಿ ಗೆರೆ ಎಳೆಯುತ್ತ ಹೋಗುವವು ಜೆಟ್‌ಗಳು. ಹಿಂದೆ ಎರಡು ಗೆರೆ ಮೂಡಿದರೆ ಎರಡು ಎಂಜಿನ್ನು. ನಾಲ್ಕು ಗೆರೆಯದ್ದು ಬಲು ಅಪರೂಪ. ಅಂಥದ್ದು ಕಂಡ ದಿನ ನಾನು ಮನೆಯಲ್ಲಿ ಸಜ್ಜಕ ಮಾಡಿದ್ದುಂಟು. ಇವೆಲ್ಲ ದೊಡ್ಡವರ ಸವಾರಿಗಳು. ಆದರೆ ಹುಬ್ಬಳ್ಳಿಯಿಂದ ಹೈದರಾಬಾದಿಗೆ ಹೋಗುವ, ರೆಕ್ಕೆಗಳಲ್ಲಿ ಪಂಖ ತಿರುಗುವ ಸಣ್ಣ ವಿಮಾನ ನಮ್ಮದು. ರೋಣದ ಕಡೆಯಿಂದ ಗುಂಯ್ ಎನ್ನುತ್ತ ಬಂದು, ನಮ್ಮೂರಿನ ಉತ್ತರಕ್ಕೆ ಹಾದುಹೋಗುತ್ತದೆ. ವಿಮಾನ ತೋರಿಸುವ ಆ್ಯಪ್ ನನ್ನ ಮೊಬೈಲಿನಲ್ಲೂ ಇದೆ. ಆದರೆ ನಾನು ಮೊದಲು ಕಣ್ಣು, ಕಿವಿಯಿಂದ ಹೇಳಿ, ಆಮೇಲೆ ಅದರಲ್ಲಿ ತಾಳೆ ನೋಡುತ್ತೇನೆ. ತಾಳೆಯಾದಾಗ ಆಗುವ ಖುಷಿ ಸೀರೆ ಮುಗಿಸಿ ಮಗ್ಗದಿಂದ ಇಳಿಸಿದಾಗಲೂ ಆಗುವುದಿಲ್ಲ.

ಅತ್ತೆಗೆ ಇದು ಸುತರಾಂ ಸೇರುತ್ತಿರಲಿಲ್ಲ. "ಮ್ಯಾಲೆ ನೋಡಕೋಂತ ನಿಂತ್ರ ಕೆಳಗ ಎಳಿ ತಪ್ಪತಾವ" ಎಂದು ಕುಟುಕುತ್ತಲೇ ಇದ್ದರು. ಅಂಥವರಿಗೆ ಕಳೆದ ಚಳಿಗಾಲದಲ್ಲಿ ವಿಮಾನ ಹತ್ತುವ ಯೋಗ ಬಂತು. ಹೈದರಾಬಾದಿನಲ್ಲಿರುವ ನನ್ನ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಾದಿನಿಯ ಗಂಡ ಅತ್ತೆಗೂ ನನ್ನ ಗಂಡನಿಗೂ ಟಿಕೆಟ್ ಕಳಿಸಿದ್ದರು. ಪಂಖದ ವಿಮಾನದ್ದೇ.

"ಅತ್ತಿ, ನಿಮ್ಮ ವಿಮಾನ ನಮ್ಮ ಊರ ಬಾಜೂಕನ ಹೋಗತೈತ್ರಿ. ಬಲಗಡೆ ಕಿಟಕಿ ಹಿಡದ ಕುಂದರ್ರಿ, ನಮ್ಮ ಗುಡ್ಡ ಕಾಣತೈತಿ" ಎಂದೆ.

"ಅದೇನ ಬಸ್ಸನ, ನಮ್ಮ ಊರ ಮ್ಯಾಲೆ ಹಾದ ಹೋಗಾಕ? ಗುಡ್ಡ ಕಾಣಲಿಲ್ಲಂದ್ರ ನಿನ್ನ ದುರ್ಬೀನ ಅಟ್ಟಕ್ಕ ಹೋಗತೈತಿ ನೋಡು. ಮತ್ತ ಇಳಸಂಗಿಲ್ಲ."

"ಹೂಂನ್ರಿ" ಎಂದುಬಿಟ್ಟೆ. ಆಮೇಲೆ ಲೆಕ್ಕ ಹಾಕತೊಡಗಿದೆ. ಮೋಡ ಬಂದರೆ, ಪೈಲಟ್ ದಾರಿ ಬದಲಿಸಿದರೆ, ಅತ್ತೆ ಎಡಗಡೆ ಕೂತರೆ ನಾನೇನು ಮಾಡಲಿ? ಸೋತರೆ ಹೋಗುವುದು ದುರ್ಬೀನು ಮಾತ್ರವಲ್ಲ, ಆ ಮನೆಯಲ್ಲಿ ನನ್ನದು ಎನ್ನುವ ಒಂದೇ ಒಂದು ಸಂಗತಿ.

ಅವರು ಹೊರಟ ದಿನ ಪಕ್ಕದ ಮನೆಯ ಕಾಕಿಯ ಹಾಸಿನ ನೂಲಿಗೆ ಓಣಿಯಲ್ಲಿ ಗಂಜಿ ನಡೆದಿತ್ತು. ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಅತ್ತೆಗೆ ಕೈ ಬೀಸಬೇಕೆಂದು ಓಣಿಯೇ ತೀರ್ಮಾನಿಸಿತ್ತು. ಅಷ್ಟು ಮೇಲಿನಿಂದ ಮನುಷ್ಯರು ಕಾಣುವುದಿಲ್ಲ ಎಂದು ಬಡಕೊಂಡೆ. ಕೇಳುವವರಾರು?

ನನ್ನ ಕಿವಿಗೆ ಮೊದಲು ಗುಂಯ್ ಕೇಳಿತು. ದುರ್ಬೀನು ಎತ್ತಿ, "ಬಂತ್ರಿ! ಪಂಖದ್ದು! ಅದರಾಗ ಅದಾರ!" ಎಂದು ಕೂಗಿದೆ. ಓಣಿಯೆಲ್ಲ ಕೈ ಬೀಸಿತು. ಎರಡೂ ತುದಿಯಲ್ಲಿ ಹಗ್ಗ ಹಿಡಿದವರೂ ಎರಡೂ ಕೈ ಎತ್ತಿ ಬೀಸಿದರು. ಹಸಿ ನೂಲು ದೊಪ್ಪನೆ ಮಣ್ಣಿಗೆ ಬಿತ್ತು.

"ನಿನ್ನ ವಿಮಾನಕ್ಕ ಬೆಂಕಿ ಹತ್ತಲಿ!" ಎಂದು ಕಾಕಿ ಚೀರಿದಳು.

"ಕಾಕಿ, ಅದರಾಗ ನಮ್ಮ ಅತ್ತಿ ಅದಾರ್ರಿ!"

ಕಾಕಿ ಗಲ್ಲ ಗಲ್ಲ ಬಡಿದುಕೊಂಡು ಆಕಾಶಕ್ಕೆ ಕೈ ಮುಗಿದಳು. ಓಣಿಯೆಲ್ಲ ನಕ್ಕಿತು. ನಕ್ಕವರೇ ಆಮೇಲೆ ನನ್ನನ್ನು ಕೆಕ್ಕರಿಸಿ ನೋಡಿದರು. ಮಣ್ಣು ಝಾಡಿಸಿ, ಮತ್ತೆ ಬಿಗಿದು, ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸುವ ಶಿಕ್ಷೆ ನನ್ನ ಪಾಲಿಗೆ ಬಂತು. ನನಗೋ ಒಂದೇ ಚಿಂತೆ, ಅತ್ತೆ ನೋಡಿದರೋ ಇಲ್ಲವೋ.

ಮಧ್ಯಾಹ್ನ, ಇನ್ನೂ ಎಳೆ ಹೊಸೆಯುತ್ತಿದ್ದಾಗ ಫೋನ್ ಬಂತು. ನನ್ನ ಕೈಯೆಲ್ಲ ಗಂಜಿ, ಕಾಕಿಯೇ ಸ್ಪೀಕರ್ ಹಚ್ಚಿ ಹಿಡಿದಳು.

"ಮುಟ್ಟಿದ್ವಿ" ಎಂದರು ಅತ್ತೆ. "ಗುಡ್ಡ ಕಂಡ್ತು. ಬುಡಕ್ಕ ನಮ್ಮ ಊರನೂ ಕಂಡ್ತು. ನೀ ಹೇಳಿದಂಗ, ಬಲಕ್ಕ."

ದುರ್ಬೀನು ಉಳಿಯಿತು. ಅವರು ಮುಂದುವರಿಸಿದರು:

"ಇಲ್ಲೆ ಬೀಗರೆಲ್ಲಾ, ಎಂಥಾ ವಿಮಾನದಾಗ ಬಂದ್ರಿ ಅಂತ ಕೇಳಾಕತ್ತಾರ. ನನಗೇನ ಗೊತ್ತ? ನಿನ್ನ ಗಂಡಗೂ ಗೊತ್ತಿಲ್ಲ. ನನ್ನ ಸೊಸಿಗೆ ಗೊತ್ತೈತಿ, ಆಕೀನ ಕೇಳ್ರಿ ಅಂದೇನಿ. ಫೋನ್ ಅವರ ಕೈಯಾಗ ಕೊಡತೇನಿ. ಸಾವಕಾಶ ಹೇಳು, ಎಲ್ಲಾರೂ ಕೇಳಲಿ."

ಓಣಿಯೆಲ್ಲ ಫೋನಿನ ಹತ್ತಿರ ಸರಿಯಿತು. ನಾನು ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಹೇಳತೊಡಗಿದೆ: "ನಮಸ್ಕಾರ್ರಿ ಬೀಗರ. ಅದು ಎರಡ ಪಂಖದ್ದರಿ..."