ಕಾಕಾನಿಗೆ ನಾನು ಮೂಗಾದದ್ದು

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಗೆಳೆಯನೊಬ್ಬ ಜರ್ಮನಿಯಿಂದ ತಂದ ಬಿಳಿ ವೈನಿನ ಬಾಟಲಿ ತೆರೆದ. ಗ್ಲಾಸು ಮೂಗಿನ ಹತ್ತಿರ ಬಂದದ್ದೇ ತಡ, ಸಣ್ಣಗೆ ಸೀಮೆಎಣ್ಣೆಯ ವಾಸನೆ. ಕೆಟ್ಟಿರಬೇಕೆಂದು ಉಳಿದವರು ಮುಖ ಸಿಂಡರಿಸಿದರು. ಕೆಟ್ಟಿರಲಿಲ್ಲ. ರೀಸ್ಲಿಂಗ್ ದ್ರಾಕ್ಷಿಯ ವೈನು ಹಳೆಯದಾದರೆ ಹಾಗೆಯೇ. ಗೊತ್ತಿದ್ದೂ ನನಗೆ ಕುಡಿಯಲಾಗಲಿಲ್ಲ.

ಅದನ್ನು ಕಲಿಸಿದವರು ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ. ರಕ್ತಸಂಬಂಧವೇನಿಲ್ಲ, ಅವರನ್ನು ಬಾಯಿತುಂಬ ಕಾಕಾ, ಅವರ ಹೆಂಡತಿಯನ್ನು ಕಾಕು ಅನ್ನುತ್ತಿದ್ದೆ ಅಷ್ಟೇ. ಗೋವಾದ ದೊಡ್ಡ ಹೋಟೆಲಿನಲ್ಲಿ ಮೂವತ್ತು ವರ್ಷ ವೈನು ಬಡಿಸಿ ಬಂದವರು. ನಮ್ಮ ಓಣಿಯವರು ಅದನ್ನು ಕುಡುಕರ ಕೆಲಸವೆಂದೇ ತಿಳಿದಿದ್ದರು. ಕಾಕಾ ಕ್ಯಾರೇ ಅನ್ನುತ್ತಿರಲಿಲ್ಲ. ಭಾನುವಾರ ಮೆಣಸಿನಕಾಯಿ ಭಜಿ ಕರಿದು, ಅದರ ಜೊತೆ ನನಗೆ ತಣ್ಣಗಿನ ಅರೆಸಿಹಿ ವೈನು ಎರಡು ಗುಟುಕು ಕೊಡುತ್ತಿದ್ದರು.

"ಖಾರಕ್ಕ ಸ್ವಲ್ಪ ಸಿಹಿ ಬೇಕು, ಎಣ್ಣಿಗೆ ಹುಳಿ ಬೇಕು. ಎರಡೂ ಇದರಾಗ ಐತಿ. ಬೆಲ್ಲದ ಗೋದಿ ಹುಗ್ಗಿ ಜೋಡಿ ಮಾತ್ರ ಕೊಡಬಾರದು ನೋಡು, ಬರೇ ಹುಳಿ ಅನ್ನಸ್ತೈತಿ."

ಊರೆಲ್ಲ ಮುಖಕ್ಕೆ ಮಾಸ್ಕು ಕಟ್ಟಿಕೊಂಡಿದ್ದ ಆ ರೋಗದ ವರ್ಷ ಕಾಕಾನಿಗೂ ಜ್ವರ ಬಂದು ಹೋಯಿತು. ಆಮೇಲೆ ಗದಗದಲ್ಲಿ ಏಳುತ್ತಿದ್ದ ಹೊಸ ಹೋಟೆಲಿನವರು ವೈನು ಆರಿಸಿಕೊಡಲು ಅವರನ್ನು ಕರೆದರು. ಕಾಕಾನ ಖುಷಿ ಹೇಳತೀರದು. ಹೋಟೆಲಿನವರು ಕಳಿಸಿದ ಮೊದಲ ಬಾಟಲಿಯನ್ನು ನನ್ನೆದುರೇ ತೆರೆದು, ಕಣ್ಣು ಮುಚ್ಚಿ ಮೂಸಿದರು.

"ಹಸಿರು ಸೇಬು... ಜೇನು... ಹಿಂದ ಚಿಮಣಿ ಎಣ್ಣಿ. ಭಾರಿ ಐತಿ."

ನಾನೂ ಮೂಸಿದೆ. ಸೇಬೂ ಇಲ್ಲ, ಜೇನೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ನನಗೆ ಬಂದದ್ದು ನೆನೆದು ಮುಗ್ಗಿದ ಗೋಣಿಚೀಲದ ವಾಸನೆ. ಬಿರಡೆ ಕೆಟ್ಟರೆ ಹೀಗಾಗುತ್ತದೆಂದು ಅವರೇ ಹೇಳಿಕೊಟ್ಟಿದ್ದರು.

"ಕಾಕಾ, ಗೋಣಿಚೀಲದ ವಾಸನಿ ಬರಾಕತ್ತೈತಲ್ರಿ?"

ಅವರ ಮುಖ ಬಿಳಿಚಿಕೊಂಡಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ಜ್ವರ ಬಂದಾಗಿಂದ ಏನೂ ವಾಸನಿ ಬರವಲ್ದು. ನಿಮ್ಮ ಕಾಕೂಗೆ ಹೇಳಬ್ಯಾಡ, ಆಕಿ ಊರಿಗೆಲ್ಲಾ ಹೇಳತಾಳ. ಹೋಟೆಲಿನವರಿಗೆ ಗೊತ್ತಾದ್ರ ಮುಗೀತು ನನ್ನ ಕತಿ. ನಾಲಿಗಿ ನಂದೈತಿ, ಮೂಗು ನೀ ಆಗು."

ಹೂಂ ಅಂದುಬಿಟ್ಟೆ. ನಾನು ಮೂಸಿ ಹೇಳಿದ್ದನ್ನು ಅವರು ಬರೆದುಕೊಂಡು ಹೋಟೆಲಿಗೆ ಕಳಿಸುತ್ತಿದ್ದರು. ಒಗ್ಗರಣೆ ಸೀದು ಕರಕಾದರೂ ಎದುರೇ ನಿಂತಿರುತ್ತಿದ್ದರು. ವಯಸ್ಸಾಯಿತೆಂದು ಕಾಕು ಬೈಯುತ್ತಿದ್ದರು. ಒಂದು ಭಾನುವಾರ ಒಳಗೆ ಕಾಲಿಟ್ಟರೆ ಮನೆತುಂಬ ಗ್ಯಾಸಿನ ವಾಸನೆ, ಕಾಕಾ ಆರಾಮಾಗಿ ಪೇಪರು ಓದುತ್ತಿದ್ದಾರೆ! ಓಡಿಹೋಗಿ ಒಲೆ ಬಂದ್ ಮಾಡಿದೆ. "ನೀ ಇದ್ದೀಯಲ್ಲೋ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವತ್ತೇ ಕಾಕುಗೆ ಹೇಳಬೇಕಿತ್ತು. ಆದರೆ ಅಂಥ ಮನುಷ್ಯನಿಗೆ ನಾನು ಬೇಕಾಗಿದ್ದೇನೆ ಎಂಬ ಹೆಮ್ಮೆ ಒಳಗೊಳಗೇ ಇತ್ತು, ಸುಳ್ಳೇಕೆ ಹೇಳಲಿ.

ಮುಂದೆ ಒಂದು ದಿನ ಏನೋ ಮಾತಿಗೆ ಮಾತು ಬೆಳೆದು, ಕಾಕು ಕಾಕಾನ ಜೊತೆ ಜಗಳವಾಡಿಕೊಂಡೇ ಶಿಗ್ಲಿಯ ತಂಗಿಯ ಮನೆಗೆ ಹೋದರು. ಮರುದಿನ ಬೆಳಿಗ್ಗೆ ನಾನು ಪಾಠ ಮಾಡುವ ಲಕ್ಷ್ಮೇಶ್ವರದ ಶಾಲೆಗೆ ಹೊರಟು ಬಸ್ಸಿನಲ್ಲಿದ್ದೆ. ಕಾಕಾ ಚಹಾ ಮಾಡಲೆಂದು ಕಡ್ಡಿ ಗೀರಿದ್ದಾರೆ. ಅಡುಗೆಮನೆಯ ಕಿಟಕಿ ಕಿತ್ತು ನಮ್ಮ ಹಿತ್ತಲಿಗೆ ಬಂದು ಬಿದ್ದಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು... ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಕಾಕು ಈಗ ಶಿಗ್ಲಿಯಲ್ಲೇ ಇದ್ದಾರೆ. ಹುಬ್ಬಳ್ಳಿಯಿಂದ ಬಂದ ಮರುದಿನ ಅಲ್ಲಿಗೆ ಹೋದೆ, ಈ ಸಲ ಹೇಳಿಯೇ ತೀರಬೇಕೆಂದು. ಕಾಕಾ ಹೋದ ಸಂಕಟಕ್ಕಿಂತ ಈ ಹೇಳದ ಮಾತೇ ನನ್ನನ್ನು ಹೆಚ್ಚು ತಿನ್ನುತ್ತದೆ. ರೊಟ್ಟಿ ಬಡಿಸಿ ಎದುರಿಗೆ ಕೂತ ಕಾಕು, ಪ್ರತಿ ಸಲ ಕೇಳುವುದನ್ನೇ ಕೇಳಿದರು.

"ಅಂಥಾ ಮೂಗಿನವರಿಗೆ ಗ್ಯಾಸಿನ ವಾಸನಿ ಯಾಕ ಬರಲಿಲ್ಲ ತಮ್ಮಾ? ನಾ ಜಗಳಾಡಿ ಬಂದ್ನಲ್ಲ, ಅದಕ್ಕ ಬೇಕಂತನ ಮಾಡಕೊಂಡ್ರೇನೋ?"

ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನೊಂದು ರೊಟ್ಟಿ ಹಾಕ್ರಿ ಕಾಕು," ಎಂದೆ.